ವೈರ್‌ಲೆಸ್ ಡೈವ್ ಕಂಪ್ಯೂಟರ್ ಹೇಳುವ ಗಾಳಿಯ ಲೆಕ್ಕ ನಂಬಬಹುದಾ? ಗೇಜಿಗೂ ಅದಕ್ಕೂ 9 ಬಾರ್ ವ್ಯತ್ಯಾಸ

ಬದಿಯಡ್ಕದ ತೋಟದವ
3 ಮಾರ್ಚ್, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಡೈವಿಂಗ್‌ನಲ್ಲಿ ನಾನು ಹೊಸಬ. ಇದುವರೆಗೆ ಮಾಡಿದ್ದು 23 ಡೈವ್, ಅದರಲ್ಲಿ ಮುಕ್ಕಾಲು ಪಾಲು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲೇ. ಊರು ಬದಿಯಡ್ಕದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಎರಡು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಡೈವ್ ಕಂಪ್ಯೂಟರ್ ಅರ್ಧ ಬೆಲೆಗೆ ಸಿಕ್ಕಿತು ಅಂತ ತೆಗೆದುಕೊಂಡೆ. ಕೈಗೆ ಕಟ್ಟುವಂಥದ್ದು. ಜೊತೆಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಒಂದು ಟ್ರಾನ್ಸ್‌ಮಿಟರ್ ಕೊಟ್ಟಿದ್ದಾರೆ. ಅದನ್ನು ರೆಗ್ಯುಲೇಟರಿನ (ಟ್ಯಾಂಕಿನ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ) ಫಸ್ಟ್ ಸ್ಟೇಜಿಗೆ, ಅಂದರೆ ಟ್ಯಾಂಕಿಗೆ ಸೇರುವ ಭಾಗಕ್ಕೆ, ತಿರುಗಿಸಿ ಕೂರಿಸಿದರೆ ಟ್ಯಾಂಕಿನಲ್ಲಿ ಎಷ್ಟು ಗಾಳಿ ಉಂಟು ಅಂತ ವೈರಿಲ್ಲದೆ ಮಣಿಕಟ್ಟಿನಲ್ಲೇ ಕಾಣುತ್ತದೆ.

ರೆಗ್ಯುಲೇಟರ್ ನನ್ನದಲ್ಲ, ಡೈವ್ ಸೆಂಟರಿನ ಬಾಡಿಗೆಯದ್ದು. ಅದರಲ್ಲಿ ಅವರ ಮಾಮೂಲಿ ಮುಳ್ಳಿನ ಗೇಜೂ ಇತ್ತು. ಅವರೇ ಸ್ಪ್ಯಾನರ್ ತಂದು ನನ್ನ ಟ್ರಾನ್ಸ್‌ಮಿಟರನ್ನು ಪಕ್ಕದ ಖಾಲಿ ಪೋರ್ಟಿಗೆ ಹಾಕಿಕೊಟ್ಟರು. ಅಂದರೆ ಒಂದೇ ಟ್ಯಾಂಕನ್ನು ಎರಡೂ ಅಳೆಯುತ್ತಿದ್ದವು. ತಲೆಬಿಸಿ ಶುರುವಾದದ್ದು ಅಲ್ಲೇ.

ಬೋಟಿನಲ್ಲಿ ವಾಲ್ವ್ ತೆರೆದಾಗ ಕಂಪ್ಯೂಟರ್ 203 ಬಾರ್ (ಗಾಳಿಯ ಒತ್ತಡದ ಅಳತೆ) ಅಂದಿತು, ಗೇಜಿನ ಮುಳ್ಳು 212ರ ಹತ್ತಿರ. ಡೈವ್ ಮುಗಿಸಿ ಮೇಲೆ ಬಂದಾಗ ಕಂಪ್ಯೂಟರ್ 51, ಗೇಜು 60. ಎರಡರಲ್ಲಿ ಯಾವುದು ಸುಳ್ಳು ಹೇಳುತ್ತಿದೆ?

ಇನ್ನೊಂದು ವಿಚಿತ್ರ. ನೀರಿಗೆ ಹಾರಿದ ಮೇಲೆ ಗುಂಪಿನಲ್ಲಿ ಒಬ್ಬರ ಮಾಸ್ಕ್ ಸರಿಯಾಗದೆ ಹತ್ತು ನಿಮಿಷ ಹಗ್ಗ ಹಿಡಿದು ತೇಲುತ್ತಾ ಕಾದೆವು. ನಾನು ಉಸಿರಾಡಿದ್ದು ಸ್ನಾರ್ಕೆಲ್‌ನಲ್ಲಿ, ಟ್ಯಾಂಕಿನ ಗಾಳಿ ಮುಟ್ಟಿಯೇ ಇಲ್ಲ. ಆದರೂ 203 ಇದ್ದದ್ದು 192ಕ್ಕೆ ಬಂತು! ಎಲ್ಲಿಯೂ ಗುಳ್ಳೆ ಬರುತ್ತಿಲ್ಲ ಅಂತ ಡೈವ್ ಮಾಸ್ಟರ್ ಸುತ್ತ ಈಜಿ ನೋಡಿ ಹೇಳಿದರು. ಮತ್ತೆ ಆ 11 ಬಾರ್ ಹೋದದ್ದು ಎಲ್ಲಿಗೆ?

ಕೆಳಗೆ ಹೋದ ಮೇಲೆ ಮೂರು ಸಲ ಅಂಕೆ ಮಾಯವಾಗಿ ಬರೇ ಗೀಟು ಬಂತು. ಎರಡು ಸಲ ಬೇಗ ಸರಿಯಾಯಿತು, ಒಂದು ಸಲ ಒಂದು ನಿಮಿಷಕ್ಕಿಂತ ಜಾಸ್ತಿ ಹಾಗೇ ಇತ್ತು. ಅದರ ಮೇಲೆ, 'ಇನ್ನು ಇಷ್ಟು ನಿಮಿಷ ಗಾಳಿ ಇದೆ' ಅಂತ ಒಂದು ಅಂಕೆ ಬರುತ್ತದಲ್ಲ, ಅದು 24 ಅನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 13, ಬಂಡೆಯ ಮರೆಯಲ್ಲಿ ಸುಮ್ನೆ ನಿಂತರೆ ಮತ್ತೆ 21. ಇದನ್ನು ನೋಡಿಕೊಂಡು ಯಾರಾದರೂ ಹೇಗೆ ಧೈರ್ಯವಾಗಿ ಕೆಳಗಿರುವುದು?

ಅಪ್ಪನ ಹತ್ತಿರ ಹೇಳಿದೆ. "ಮದ್ದು ಬಿಡುವ ಪಂಪಿನ ಗೇಜು ಹಾಳಾಗಿ ನಾಲ್ಕು ವರ್ಷ ಆಯ್ತು, ನಾವು ಶಬ್ದ ಕೇಳಿಯೇ ಅಡಿಕೆಗೆ ಬೋರ್ಡೋ ಬಿಡುವುದಲ್ವಾ" ಅಂದರು. ನೀರಿನಡಿಯಲ್ಲಿ ಶಬ್ದ ಕೇಳಿ ನಡೆಯುವುದಿಲ್ಲವಲ್ಲ. ಗೊತ್ತಿದ್ದವರು ಹೇಳಿ.

ಕುಂಬಳೆ ಕಡಲು
3 ಮಾರ್ಚ್, ರಾತ್ರಿ 10.55

ಮಾರಾಯ್ರೆ, ಒಂದೇ ಸಲಕ್ಕೆ ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಾನು ಒಂಬತ್ತು ಸೀಸನ್ ಡೈವ್ ಮಾಸ್ಟರ್ ಆಗಿ ಕೆಲಸ ಮಾಡಿದವ, ಸ್ವಲ್ಪ ಲಕ್ಷದ್ವೀಪದಲ್ಲಿ, ಉಳಿದದ್ದು ನೇತ್ರಾಣಿಯಲ್ಲಿ. ಮೊದಲನೆಯದಕ್ಕೆ ಮಾತ್ರ ಈಗ ಉತ್ತರ ಕೊಡುತ್ತೇನೆ.

ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ, ಮೇಲೂ ಕೆಳಗೂ ಎರಡು ಕಡೆ ಅಂಕೆ ಬರೆದಿಟ್ಟಿದ್ದೀರಿ. 203ಕ್ಕೆ 212, 51ಕ್ಕೆ 60. ವ್ಯತ್ಯಾಸ ಎರಡೂ ಕಡೆ 9. ಟ್ಯಾಂಕ್ ತುಂಬಿದ್ದಾಗಲೂ 9, ಖಾಲಿಯಾಗುವಾಗಲೂ 9 ಅಂದರೆ ಅಳತೆ ಸರಿಯುಂಟು, ಆದರೆ ಎರಡರಲ್ಲಿ ಒಂದರ ಸೊನ್ನೆ ಜರುಗಿದೆ. ತಕ್ಕಡಿಯ ತಟ್ಟೆಗೆ ಬೆಲ್ಲ ಅಂಟಿಕೊಂಡ ಹಾಗೆ, ಏನು ತೂಗಿದರೂ ಅಷ್ಟು ಹೆಚ್ಚೇ.

ನನ್ನ ಸಂಶಯ ಗೇಜಿನ ಮೇಲೆ. ಅದರ ಒಳಗೆ ಇರುವುದು ಕುದುರೆ ಲಾಳದ ಹಾಗೆ ಬಗ್ಗಿಸಿದ ಸಣ್ಣ ಲೋಹದ ಕೊಳವೆ. ಒತ್ತಡ ಬಂದಾಗ ಅದು ಚೂರು ನೆಟ್ಟಗಾಗುತ್ತದೆ, ಆ ಚೂರನ್ನೇ ಹಲ್ಲುಚಕ್ರ ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತದೆ. ಬಾಡಿಗೆ ಗೇಜು ಎಂದರೆ ದಿನಕ್ಕೆ ನಾಲ್ಕು ಸಲ ಬೋಟಿನ ಹಲಗೆಗೆ ಬಡಿಯುವ ವಸ್ತು. ಒಂದು ಒಳ್ಳೆ ಪೆಟ್ಟು ಬಿದ್ದರೆ ಮುಳ್ಳು ಇದ್ದ ಜಾಗದಿಂದ ಜರುಗಿ ಅಲ್ಲೇ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಆ ಸೆಂಟರಿಗೆ ಫೋನ್ ಮಾಡಿ, ರೆಗ್ಯುಲೇಟರನ್ನು ಟ್ಯಾಂಕಿನಿಂದ ಬಿಚ್ಚಿ ಗೇಜಿನ ಫೋಟೊ ಕಳಿಸಿ ಅನ್ನಿ. ಒತ್ತಡವೇ ಇಲ್ಲದಾಗ ಮುಳ್ಳು ಸೊನ್ನೆಯ ಮೇಲೆ ಕೂತಿರಬೇಕು. ಇನ್ನು ನೀವು ಹೇಳಿ, ಟ್ರಾನ್ಸ್‌ಮಿಟರ್ ಫಸ್ಟ್ ಸ್ಟೇಜಿನ ಯಾವ ಬದಿಯಲ್ಲಿತ್ತು, ಕಂಪ್ಯೂಟರ್ ಯಾವ ಕೈಯಲ್ಲಿತ್ತು? ಗೀಟು ಬಂದಾಗ ನೀವು ಎಂತ ಮಾಡುತ್ತಿದ್ದಿರಿ?

ಹೊಸಂಗಡಿ ಟೀಚರ್
4 ಮಾರ್ಚ್, ಬೆಳಿಗ್ಗೆ 6.20

ಆ 11 ಬಾರಿಗೆ ಉತ್ತರ ನನ್ನ ಹತ್ತಿರ ಉಂಟು. ನಾನು ಡೈವ್ ಮಾಡಿದ್ದು ಬರೇ ಆರು ಸಲ, ಆದರೆ ಹೈಸ್ಕೂಲಿನಲ್ಲಿ ಇದೇ ಪಾಠ ಮಾಡಿ ಮಾಡಿ ಬಾಯಿಪಾಠ ಆಗಿದೆ.

ಗಾಳಿ ಎಲ್ಲಿಗೂ ಹೋಗಲಿಲ್ಲ ತಮ್ಮಾ, ತಣ್ಣಗಾಯಿತು ಅಷ್ಟೆ. ಟ್ಯಾಂಕ್ ಬೋಟಿನಲ್ಲಿ ಬಿಸಿಲಿಗೆ ನಿಂತಿತ್ತಲ್ವಾ? ಫೆಬ್ರವರಿ ಕೊನೆಯ ಬಿಸಿಲು, ಅಲ್ಯೂಮಿನಿಯಂ ಟ್ಯಾಂಕ್. ಒಳಗಿನ ಗಾಳಿ 45 ಡಿಗ್ರಿ ಇತ್ತು ಅಂತ ಇಟ್ಟುಕೊಳ್ಳುವ. ನೀರು 28 ಡಿಗ್ರಿ. ಲೆಕ್ಕಕ್ಕೆ ಎರಡಕ್ಕೂ 273 ಸೇರಿಸಬೇಕು, 318 ಮತ್ತು 301. ಒತ್ತಡ ಇಳಿಯುವುದು ಅದೇ ಪ್ರಮಾಣದಲ್ಲಿ. 203ರ ಮೇಲೆ ಹೊರಗಿನ ವಾತಾವರಣದ 1 ಬಾರ್ ಸೇರಿಸಿ 204. ಅದನ್ನು 301ರಿಂದ ಗುಣಿಸಿ 318ರಿಂದ ಭಾಗಿಸಿ. 193 ಬರುತ್ತದೆ. ಸೇರಿಸಿದ 1 ಕಳೆಯಿರಿ, 192.

ಹೌದು, ನಿಮ್ಮ ಅಂಕೆಗೇ ಸರಿಯಾಗಿ ಬಂತು. ನಾನು 45 ಅಂತ ಊಹಿಸಿದ್ದು ಅದೃಷ್ಟಕ್ಕೆ ಹೊಂದಿತು, 42 ಇದ್ದಿದ್ದರೆ ಎರಡು ಬಾರ್ ಆಚೀಚೆ ಆಗುತ್ತಿತ್ತು. ಆದರೆ ವಿಷಯ ಅದೇ. ನಿಮ್ಮ ಯಂತ್ರ ಇಲ್ಲಿ ತಪ್ಪು ಹೇಳಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಳ್ಳಿನ ಗೇಜನ್ನು ಆಗ ನೋಡಿದ್ದರೆ ಅದೂ ಇಳಿದಿರುತ್ತಿತ್ತು. ಕಂಪ್ರೆಸರಿನಿಂದ ಈಗಷ್ಟೇ ತುಂಬಿಸಿದ ಟ್ಯಾಂಕಿನಲ್ಲೂ ಇದೇ ಕತೆ, ತುಂಬುವಾಗ ಬಿಸಿಯಾಗುತ್ತದೆ, ತುಂಬಿಸಿದವರು 200 ಅಂತ ನಿಲ್ಲಿಸುತ್ತಾರೆ, ತಣಿದ ಮೇಲೆ ನೋಡಿದರೆ 185. ಜನ ತುಂಬಿಸಿದವರಿಗೆ ಬೈಯುತ್ತಾರೆ.

ಮುಂದಿನ ಸಲ ಟ್ಯಾಂಕಿನ ಮೇಲೆ ಒಂದು ಒದ್ದೆ ಗೋಣಿ ಹಾಕಿಸಿ.

ಸೊಲ್ಲಾಪುರ ಚಾದರ
4 ಮಾರ್ಚ್, ಮಧ್ಯಾಹ್ನ 1.15

ಟೀಚರ್ ಅವರ ಲೆಕ್ಕ ಚಲೋ ಅದ. ನಾ ಸೊಲ್ಲಾಪುರದವ, ಟಿವಿ ಮೊಬೈಲ್ ರಿಪೇರಿ ಅಂಗಡಿ ಐತ್ರಿ, ವರ್ಷಕ್ಕೆ ಎರಡು ಸಲ ಮಾಲವಣಕ್ಕೆ ಡೈವಿಂಗ್ ಹೋಗುತ್ತೇನೆ. ಸಿಗ್ನಲ್ ಬಗ್ಗೆ ನಾನು ಹೇಳುತ್ತೇನೆ ಕೇಳ್ರಿ.

ನಮ್ಮ ಫೋನಿನ ಬ್ಲೂಟೂತ್ ನೀರಿನೊಳಗೆ ನಡೆಯುವುದಿಲ್ಲ. ಅಷ್ಟು ಮೇಲಿನ ಫ್ರೀಕ್ವೆನ್ಸಿಯನ್ನು ಉಪ್ಪುನೀರು ಕೆಲವೇ ಸೆಂಟಿಮೀಟರಿನಲ್ಲಿ ನುಂಗಿಬಿಡುತ್ತದೆ. ಅದಕ್ಕೇ ಈ ಟ್ರಾನ್ಸ್‌ಮಿಟರ್‌ಗಳು ತೀರಾ ಕೆಳಗಿನ ಫ್ರೀಕ್ವೆನ್ಸಿ ಬಳಸುತ್ತವೆ, ಬಹಳಷ್ಟು 38 ಕಿಲೋಹರ್ಟ್ಸ್ ಆಸುಪಾಸು. ಅದೂ ಹೋಗುವುದು ಸುಮಾರು ಒಂದು ಮೀಟರ್ ಮಾತ್ರ. ಟ್ಯಾಂಕಿನ ತಲೆಯಿಂದ ನಿಮ್ಮ ಮಣಿಕಟ್ಟಿಗೆ ಎಷ್ಟು ದೂರ, ಕೈ ಮುಂದೆ ಚಾಚಿ ಅಳೆದು ನೋಡ್ರಿ. ನಡುವೆ ಟ್ಯಾಂಕ್, ತಲೆ, ಭುಜ ಬೇರೆ.

ಇನ್ನೊಂದು, ಅದು ಎಡೆಬಿಡದೆ ಕಳಿಸುವುದಿಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ಒಂದು ಸಣ್ಣ ಸಂದೇಶ, ಅಷ್ಟೆ. ಒಂದೆರಡು ಸಂದೇಶ ತಪ್ಪಿದರೆ ಕಂಪ್ಯೂಟರ್ ಸುಮ್ಮನಿರುತ್ತದೆ, ಹಳೆಯ ಅಂಕೆಯನ್ನೇ ತೋರಿಸುತ್ತದೆ. ಸಾಲಾಗಿ ತಪ್ಪಿದರೆ ಗೀಟು ಹಾಕುತ್ತದೆ. ಗುಂಪಿನಲ್ಲಿ ನಾಲ್ಕೈದು ಟ್ರಾನ್ಸ್‌ಮಿಟರ್ ಇದ್ದರೆ ಎರಡು ಒಟ್ಟಿಗೇ ಮಾತಾಡಿ ಎರಡೂ ಕೇಳಿಸದೆ ಹೋಗುವುದುಂಟು. ಈಚಿನವು ಪಕ್ಕದವನು ಮಾತಾಡುತ್ತಿದ್ದಾನೋ ಅಂತ ಮೊದಲು ಕೇಳಿ ಆಮೇಲೆ ಮಾತಾಡುತ್ತವೆ, ಶಿಯರ್‌ವಾಟರ್ ಸ್ವಿಫ್ಟ್ ಅಂಥದ್ದು. ಗಾರ್ಮಿನ್‌ನವರು ರೇಡಿಯೋ ಬಿಟ್ಟು ಶಬ್ದತರಂಗವನ್ನೇ ಹಿಡಿದಿದ್ದಾರೆ, ಅವರದ್ದು 10 ಮೀಟರ್ ತನಕ ಮುಟ್ಟುತ್ತದೆ, ಬಡ್ಡಿಯ (ಜೋಡಿಯಾಗಿ ಡೈವ್ ಮಾಡುವ ಜೊತೆಗಾರನ) ಟ್ಯಾಂಕಿನ ಗಾಳಿಯನ್ನೂ ನಿಮ್ಮ ಕೈಯಲ್ಲೇ ನೋಡಬಹುದು. ಪಕ್ಕದಲ್ಲಿ ಯಾರಾದರೂ ಕ್ಯಾಮೆರಾ ಫ್ಲಾಶ್ ಹೊಡೆಯುತ್ತಿದ್ದರೆ ಅದು ಚಾರ್ಜ್ ಆಗುವಾಗಲೂ ರೇಡಿಯೋ ಸಿಗ್ನಲ್ ಕೆಡುತ್ತದೆ.

ಮುಖ್ಯ ಮಾತು ಏನೆಂದರೆ, ಇದು ಡಿಜಿಟಲ್. ಸಂದೇಶ ಬಂದರೆ ಸರಿಯಾಗಿ ಬರುತ್ತದೆ, ಇಲ್ಲದಿದ್ದರೆ ಬರುವುದೇ ಇಲ್ಲ. ಹಳೆಯ ಟಿವಿಯ ಹಾಗೆ ಅರ್ಧ ಚಿತ್ರ ಅರ್ಧ ಇರುವೆ ಅಂತ ಇಲ್ಲ. ಅದಕ್ಕೆ ನಾನು ಆರು ವರ್ಷದಿಂದ ಮುಳ್ಳಿನ ಗೇಜು ಕಿತ್ತೇ ಹಾಕಿದ್ದೇನೆ. ಒಂದು ಹೋಸ್ ಕಡಿಮೆ, ಒಂದು ತಲೆನೋವು ಕಡಿಮೆ. ಆ ಗೇಜು ಹೋಸಿಗೆ ಸೇರುವಲ್ಲಿ ಒಳಗೆ ಒಂದು ಸಣ್ಣ ಪಿನ್ನು, ಅದಕ್ಕೆ ಅಕ್ಕಿಕಾಳಿಗಿಂತ ಚಿಕ್ಕ ಎರಡು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಇರುತ್ತವೆ ನೋಡ್ರಿ, ನನ್ನದರಲ್ಲಿ ಪ್ರತಿ ಟ್ರಿಪ್ಪಿಗೂ ಅಲ್ಲಿಂದಲೇ ಗುಳ್ಳೆ.

ಕುಂಬಳೆ ಕಡಲು
4 ಮಾರ್ಚ್, ರಾತ್ರಿ 8.30

ಸೊಲ್ಲಾಪುರದವರೆ, ಸಿಗ್ನಲಿನ ಮಾತೆಲ್ಲ ಒಪ್ಪಿದೆ. ಆದರೆ ಗೇಜು ಕಿತ್ತು ಹಾಕಿದ್ದು ಮಾತ್ರ ಒಪ್ಪುವುದಿಲ್ಲ. ಅದೂ ಹೊಸಬರು ಓದುವ ಕಡೆ ಹೀಗೆ ಹೇಳಬೇಡಿ ಮಾರಾಯ್ರೆ.

ಐದು ಸೆಕೆಂಡಿಗೊಮ್ಮೆ ಅಂತ ನೀವೇ ಹೇಳಿದಿರಿ. ಅದರಲ್ಲೇ ಒಂದು ಅಪಾಯ ಉಂಟು. ಟ್ಯಾಂಕಿನ ವಾಲ್ವನ್ನು ಯಾರೋ ಮುಚ್ಚಿ, ಮತ್ತೆ ಅರ್ಧ ಸುತ್ತು ಮಾತ್ರ ತೆರೆದಿರುತ್ತಾರೆ. ಬೋಟಿನಲ್ಲಿ ಗಡಿಬಿಡಿಯಲ್ಲಿ ಇದು ಆಗುವಷ್ಟು ಬೇರೆ ಯಾವುದೂ ಆಗುವುದಿಲ್ಲ. ಮುಳ್ಳಿನ ಗೇಜು ನೋಡುತ್ತಾ ಮೂರ್ನಾಲ್ಕು ಸಲ ಜೋರಾಗಿ ಉಸಿರೆಳೆದರೆ, ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮತ್ತೆ ಏಳುತ್ತದೆ. ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಟ್ರಾನ್ಸ್‌ಮಿಟರ್ ಎರಡು ಸಂದೇಶ ಕಳಿಸುವ ನಡುವೆ ಒತ್ತಡ ಬಿದ್ದು ಎದ್ದರೆ ನಿಮ್ಮ ಕೈಯಲ್ಲಿ 200 ಅಂತಲೇ ಇರುತ್ತದೆ. 18 ಮೀಟರಿಗೆ ಹೋದ ಮೇಲೆ ಉಸಿರು ಎಳೆದರೆ ಬರುವುದಿಲ್ಲ. ವೈರ್‌ಲೆಸ್ ಮಾತ್ರ ಇದ್ದವರು ಹತ್ತು ಹದಿನೈದು ಸೆಕೆಂಡ್ ಸತತವಾಗಿ ಉಸಿರಾಡುತ್ತಾ ಪರದೆ ನೋಡಬೇಕು, ವಾಲ್ವನ್ನು ಕೈಯಿಂದಲೂ ತಿರುಗಿಸಿ ನೋಡಬೇಕು.

ಇನ್ನೊಂದು ನನ್ನದೇ ಕತೆ. ಲಕ್ಷದ್ವೀಪದಲ್ಲಿ ನನಗೂ ನನ್ನ ಬಡ್ಡಿಗೂ ಒಂದೇ ಬಣ್ಣದ, ಒಂದೇ ಮಾದರಿಯ ಸೆಟ್ಟು, ರೆಗ್ಯುಲೇಟರ್ ಟ್ರಾನ್ಸ್‌ಮಿಟರ್ ಸಮೇತ. ಹಿಂದಿನ ದಿನ ತೊಳೆದು ನೇತುಹಾಕಿದ್ದನ್ನು ಬೆಳಿಗ್ಗೆ ಹುಡುಗರು ಅದಲುಬದಲು ಮಾಡಿ ಕಟ್ಟಿದ್ದರು. ಬೋಟಿನಲ್ಲಿ ನಾವು ಒತ್ತಿಕೊಂಡು ಕೂತಿದ್ದೆವು, ನನ್ನ ಕೈಯಲ್ಲಿ 205 ಬಂತು, ಸರಿ ಅಂತ ಹಾರಿದೆ. ಕೆಳಗೆ ಹೋದ ಮೇಲೆ ಬಡ್ಡಿ ಹತ್ತಿರ ಬಂದಾಗ ಅಂಕೆ, ದೂರ ಹೋದಾಗ ಗೀಟು. ಎರಡು ನಿಮಿಷ ತಲೆಕೆರೆದ ಮೇಲೆ ಹೊಳೆಯಿತು, ನಾನು ನೋಡುತ್ತಿದ್ದದ್ದು ಅವನ ಟ್ಯಾಂಕು! ಅವನೋ ಉಸಿರನ್ನು ಜಿಪುಣತನದಿಂದ ಬಳಸುವವ, ಅವನದ್ದು 140 ಇದ್ದಾಗ ನನ್ನ ಮುಳ್ಳಿನ ಗೇಜು 110 ತೋರಿಸುತ್ತಿತ್ತು. ಆ ಗೇಜು ಇಲ್ಲದಿದ್ದರೆ? ಕಂಪ್ಯೂಟರ್ ಹೇಳಿದ್ದು ಸತ್ಯವೇ, ಆದರೆ ಬೇರೆಯವನ ಸತ್ಯ. ಅಂದಿನಿಂದ ಟ್ರಾನ್ಸ್‌ಮಿಟರಿನ ನಂಬರನ್ನು ನೈಲ್ ಪಾಲಿಶಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಹೆಂಡತಿಯ ಕೆಂಪು ಬಾಟ್ಲಿ ಮುಗಿಯಿತು, ಬೈಗುಳವೂ ಸಿಕ್ಕಿತು.

ಬದಿಯಡ್ಕದ ತೋಟದವ
6 ಮಾರ್ಚ್, ರಾತ್ರಿ 9.05

ಫೋಟೊ ಬಂತು! ಸೆಂಟರಿನ ಹುಡುಗ ವಾಟ್ಸಾಪಿನಲ್ಲಿ ಕಳಿಸಿದ. ಗೇಜನ್ನು ರೆಗ್ಯುಲೇಟರ್ ಸಮೇತ ಮೇಜಿನ ಮೇಲೆ ಇಟ್ಟಿದ್ದಾರೆ, ಟ್ಯಾಂಕ್ ಇಲ್ಲ, ಏನಿಲ್ಲ. ಮುಳ್ಳು ಸೊನ್ನೆಗೂ 10ಕ್ಕೂ ನಡುವೆ, 10ಕ್ಕೆ ಹೆಚ್ಚು ಹತ್ತಿರ. ಗಾಜಿನ ಒಳಗೆ ಒಂದು ಮೂಲೆಯಲ್ಲಿ ಸಣ್ಣ ನೀರಿನ ಹನಿ ಕೂಡಾ ಕಾಣುತ್ತದೆ. ಕುಂಬಳೆಯಣ್ಣ ಕೂತಲ್ಲಿಂದಲೇ ಕಳ್ಳನನ್ನು ಹಿಡಿದರು.

ಹಾಗಾದರೆ ಆ ಗೇಜು ನೋಡಿ ಡೈವ್ ಮಾಡಿದವರೆಲ್ಲ 50 ಬಾರ್ ಉಳಿದಿದೆ ಅಂದುಕೊಂಡು 41ರಲ್ಲಿ ಮೇಲೆ ಬಂದಿದ್ದಾರೆ ಅಲ್ವಾ. ಅವರಿಗೆ ಹೇಳಿದೆ, ಬದಲಿಸುತ್ತೇವೆ ಅಂದಿದ್ದಾರೆ. ನೋಡಬೇಕು.

ನೀವು ಕೇಳಿದ್ದಕ್ಕೆ ಉತ್ತರ. ಕಂಪ್ಯೂಟರ್ ಬಲಗೈಯಲ್ಲಿತ್ತು, ಎಡಗೈಯಲ್ಲಿ ದೇವಸ್ಥಾನದ ದಾರ ಮತ್ತು ಹಳೆ ವಾಚು ಇತ್ತು ಅಂತ. ಟ್ರಾನ್ಸ್‌ಮಿಟರ್ ಎಡಬದಿಯ ಪೋರ್ಟಿನಲ್ಲಿ. ಗೀಟು ಬಂದದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ, ಮೊದಲ ಎರಡು ಸಲ ನಾನು ಆಕ್ಷನ್ ಕ್ಯಾಮೆರಾ ಹಿಡಿದು ಕೈ ಮುಂದೆ ಚಾಚಿ ಆಮೆಯ ವಿಡಿಯೋ ಮಾಡುತ್ತಿದ್ದೆ. ವಿಡಿಯೋದಲ್ಲಿ ಸಮಯವೂ ಹೊಂದಿತು. ಉದ್ದಕ್ಕೆ ಹೋದ ಮೂರನೆಯದ್ದು, ನಮ್ಮ ಗುಂಪಿನ ಒಬ್ಬರು ದೊಡ್ಡ ಫ್ಲಾಶ್ ಇಟ್ಟುಕೊಂಡು ಬಂಡೆಯ ಸಂದಿನಲ್ಲಿ ಇದ್ದ ಸಿಂಹಮೀನಿನ ಫೋಟೊ ತೆಗೆಯುವಾಗ, ನಾನು ಅವರ ಪಕ್ಕದಲ್ಲೇ. ಎರಡೂ ಚಾದರದವರು ಹೇಳಿದ ಹಾಗೇ!

ಈಗ ಉಳಿದದ್ದು ನಿಮಿಷದ ಲೆಕ್ಕ. ಮತ್ತೆ ಒಂದು ಹೆದರಿಕೆ. ಡೈವ್ ಮುಗಿಸಿ ಟ್ಯಾಂಕನ್ನು ಬೋಟಿಗೆ ಕೊಡುವಾಗ ಮೇಲಿದ್ದವನು ನನ್ನ ಟ್ರಾನ್ಸ್‌ಮಿಟರನ್ನೇ ಹಿಡಿಕೆಯ ಹಾಗೆ ಹಿಡಿದು ಎಳೆದುಕೊಂಡ. ಏನೂ ಆದ ಹಾಗೆ ಕಾಣುವುದಿಲ್ಲ. ಆಗಿರಬಹುದಾ?

ಕುಂಬಳೆ ಕಡಲು
6 ಮಾರ್ಚ್, ರಾತ್ರಿ 10.10

ಅಯ್ಯೋ, ಅದೇ ಅದೇ. ಟ್ರಾನ್ಸ್‌ಮಿಟರ್ ಬ್ಯಾಟರಿ ಮುಗಿದು ಕೈಕೊಟ್ಟದ್ದಕ್ಕಿಂತ ಹೀಗೆ ಎಳೆದು ಮುರಿದದ್ದನ್ನೇ ನಾನು ಜಾಸ್ತಿ ನೋಡಿದ್ದು. ನೋಡಲು ಹಿಡಿಕೆಯ ಹಾಗೇ ಉಂಟಲ್ಲ, ಅವರ ತಪ್ಪೂ ಅಲ್ಲ. ಒಂದು ಸಲ ನನ್ನೆದುರೇ ತುಂಬಿದ ಟ್ಯಾಂಕನ್ನು ಹಾಗೆ ಎತ್ತುವಾಗ ದಾರದ ಹತ್ತಿರ ಬಿರುಕು ಬಿಟ್ಟಿತು, ಸುಯ್ ಅಂತ ಶಬ್ದ, ಬೋಟಿನವರೆಲ್ಲ ಹಿಂದೆ ಸರಿದರು. ಆ ತೂತು ಕೂದಲೆಳೆಯಷ್ಟು ಸಣ್ಣದು, ಹಾಗಾಗಿ ಟ್ಯಾಂಕ್ ಒಮ್ಮೆಲೆ ಖಾಲಿಯಾಗುವುದಿಲ್ಲ, ಶಬ್ದದ ಜೋರೇ ಹೆದರಿಸುವುದು. ಆದರೆ ಟ್ರಾನ್ಸ್‌ಮಿಟರ್ ಹೋದದ್ದು ಹೋಯಿತು.

ನಿಮ್ಮದನ್ನು ಹೀಗೆ ನೋಡಿ. ಟ್ಯಾಂಕಿಗೆ ಕಟ್ಟಿ, ಒತ್ತಡ ಕೊಟ್ಟು, ಬಾಲ್ದಿ ನೀರಿನಲ್ಲಿ ಫಸ್ಟ್ ಸ್ಟೇಜಿನ ತನಕ ಮುಳುಗಿಸಿ. ಬುಡದಿಂದ ಒಂದೇ ಒಂದು ಗುಳ್ಳೆ ಬಂದರೂ ಸರ್ವಿಸಿನವರಿಗೆ ಕೊಡಿ. ಪಕ್ಕಕ್ಕೆ ಮೆಲ್ಲ ಅಲ್ಲಾಡಿಸಿದರೆ ಅಲ್ಲಾಡಬಾರದು. ಮುಂದಕ್ಕೆ ಒಂದು ಗಿಡ್ಡ ಹೋಸ್ ಹಾಕಿ, 15 ಸೆಂಟಿಮೀಟರಿನದ್ದು ಸಿಗುತ್ತದೆ, ಟ್ರಾನ್ಸ್‌ಮಿಟರ್ ಅದರ ತುದಿಗೆ. ಎಳೆದರೂ ಬಗ್ಗುತ್ತದೆ, ಮುರಿಯುವುದಿಲ್ಲ. ವಾಲ್ವ್ ತೆರೆಯುವಾಗ ಮೊದಲು ಮೆಲ್ಲ, ಗಾಳಿ ಒಳಗೆ ಹೋಗುವ ಶಬ್ದ ನಿಂತ ಮೇಲೆ ಪೂರ್ತಿ. ಗಬಕ್ಕನೆ ತೆರೆದರೆ 200 ಬಾರ್ ಒಮ್ಮೆಲೆ ಹೋಗಿ ಸೆನ್ಸರಿಗೆ ಬಡಿಯುತ್ತದೆ.

ಇನ್ನು ಕಂಪ್ಯೂಟರ್ ಎಡಗೈಗೆ ಬರಲಿ, ಇಲ್ಲವೇ ಟ್ರಾನ್ಸ್‌ಮಿಟರ್ ಬಲಕ್ಕೆ ಹೋಗಲಿ. ದಾರ ಮೇಲೆ ಸರಿಸಿದರೆ ದೇವರು ಬೇಸರ ಮಾಡುವುದಿಲ್ಲ.

ನಿಮಿಷದ ಲೆಕ್ಕವನ್ನು ಟೀಚರ್ ಹೇಳಿದರೆ ಚಂದ.

ಹೊಸಂಗಡಿ ಟೀಚರ್
7 ಮಾರ್ಚ್, ಬೆಳಿಗ್ಗೆ 6.05

ನನ್ನ ತಲೆಗೆ ಕಟ್ಟಿದಿರಾ. ಇರಲಿ.

ಟ್ಯಾಂಕಿನ ಒತ್ತಡ ಅಳೆದದ್ದು. ನಿಮಿಷ ಅಳೆದದ್ದಲ್ಲ, ಊಹಿಸಿದ್ದು. ಈ ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಮ್ಮ ಸ್ಕೂಟರಿನಲ್ಲಿ ಪೆಟ್ರೋಲ್ ಮುಳ್ಳು ಒಂದು, 'ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು' ಅನ್ನುವ ಅಂಕೆ ಇನ್ನೊಂದು, ಹಾಗೆ. ಮಂಜೇಶ್ವರದ ಗುಡ್ಡ ಹತ್ತುವಾಗ ಅದು ಇಳಿಯುತ್ತದೆ, ಇಳಿಜಾರಿನಲ್ಲಿ ಏರುತ್ತದೆ.

ಒಂದು ಲೆಕ್ಕ ಮಾಡುವ. ನೀವು 20 ಮೀಟರಿನಲ್ಲಿದ್ದೀರಿ, ಅಲ್ಲಿ ಒತ್ತಡ ಸುಮಾರು 3 ಬಾರ್. ನಿಮ್ಮದು ಮಾಮೂಲಿ 11 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್. ಎರಡು ನಿಮಿಷದಲ್ಲಿ 10 ಬಾರ್ ಇಳಿಯಿತು ಅಂದರೆ 110 ಲೀಟರ್ ಗಾಳಿ, ನಿಮಿಷಕ್ಕೆ 55. ಅದನ್ನು 3ರಿಂದ ಭಾಗಿಸಿದರೆ ನೀರಿನ ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ 18 ಲೀಟರ್ ಚಿಲ್ಲರೆ. ಸಮಾಧಾನವಾಗಿ ಈಜುವವರಿಗೆ ಅದು ಸರಿಯಾದ ಅಂಕೆ. ಈಗ ನೀರಿನ ಸೆಳೆತಕ್ಕೆ ಎದುರಾಗಿ ಕಾಲು ಬಡಿದಿರಿ, ಏದುಸಿರು ಬಂತು. ಅದು 30 ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ಕಂಪ್ಯೂಟರ್ ನೋಡುವುದು ಹಿಂದಿನ ಒಂದೆರಡು ನಿಮಿಷದ ಸರಾಸರಿಯನ್ನು, ಹೀಗೇ ಉಸಿರಾಡಿದರೆ, ಇದೇ ಆಳದಲ್ಲಿ ಇದ್ದರೆ, ಉಳಿಸಬೇಕಾದ ಗಾಳಿ ಬಿಟ್ಟು, ಮೇಲೆ ಹೊರಡುವ ಮೊದಲು ಇನ್ನೆಷ್ಟು ನಿಮಿಷ ಇರಬಹುದು ಅಂತ ಹೇಳುತ್ತದೆ. ನೀವು ಬಂಡೆಯ ಮರೆಯಲ್ಲಿ ನಿಂತಿರಿ, ಉಸಿರು ತಣಿಯಿತು, ನಿಮಿಷ ಜಾಸ್ತಿಯಾಯಿತು. ಅದು ತಪ್ಪಿ ಹೋಗಿಲ್ಲ, ನಿಮ್ಮ ಉಸಿರನ್ನೇ ಹಿಂಬಾಲಿಸುತ್ತಿದೆ.

ಒಂದು ವಿಷಯ ಮಾತ್ರ ಗಮನಿಸಿ. ಮೊದಲ ಹತ್ತು ನಿಮಿಷ ಟ್ಯಾಂಕ್ ತಣಿಯುವ ಸಮಯ. ಆಗ ಒತ್ತಡ ಇಳಿಯುವುದು ಹೆಚ್ಚಿನದು ಉಸಿರಿಗೆ, ಸ್ವಲ್ಪ ತಂಪಿಗೆ. ಯಂತ್ರಕ್ಕೆ ಆ ಭೇದ ಗೊತ್ತಿಲ್ಲ, ನೀವೇ ಕುಡಿದಿರಿ ಅಂತ ಬರೆದುಕೊಳ್ಳುತ್ತದೆ. ಹಾಗಾಗಿ ಡೈವಿನ ಶುರುವಿಗೆ ನಿಮಿಷ ಕಡಿಮೆ ತೋರಿಸಬಹುದು. ಕಡಿಮೆ ತೋರಿಸಿದರೆ ನಷ್ಟವಿಲ್ಲ ಬಿಡಿ.

ಸೊಲ್ಲಾಪುರ ಚಾದರ
7 ಮಾರ್ಚ್, ರಾತ್ರಿ 11.20

ಟೀಚರ್, ಆ ನಿಮಿಷದ ಅಂಕೆಯನ್ನು ನಾನು ಪರದೆಯಿಂದಲೇ ತೆಗೆದುಬಿಟ್ಟಿದ್ದೇನೆ. ಬಾರ್ ನೋಡಿಕೊಂಡರೆ ಸಾಕು. ನೂರಕ್ಕೆ ಬಡ್ಡಿಗೆ ಕೈಸನ್ನೆ, ಸೇಫ್ಟಿ ಸ್ಟಾಪ್ (ಮೇಲೆ ಬರುವ ಮೊದಲು ಸ್ವಲ್ಪ ಹೊತ್ತು ನಿಲ್ಲುವುದು) ಮುಗಿಸಿ ಮೇಲೆ ಬಂದಾಗ ಐವತ್ತು ಇರಬೇಕು.

ಕುಂಬಳೆಯವರು ವಾಲ್ವಿನ ವಿಷಯ ಹೇಳಿದ್ದು ಮಾತ್ರ ನಾನು ಯೋಚಿಸಿರಲಿಲ್ಲ, ಸುಳ್ಳು ಹೇಳುವುದು ಯಾಕೆ. ಇವತ್ತು ಮನೆಯಲ್ಲಿದ್ದ ಟ್ಯಾಂಕಿಗೆ ಕಟ್ಟಿ, ವಾಲ್ವನ್ನು ಬರೀ ಚೂರು ತೆರೆದು ಉಸಿರೆಳೆದು ನೋಡಿದೆ. ಮೊದಲ ನಾಲ್ಕು ಉಸಿರಿಗೆ ಪರದೆಯಲ್ಲಿ 90 ಅಲ್ಲಾಡಲೇ ಇಲ್ಲ. ಐದನೆಯದಕ್ಕೆ ಒಮ್ಮೆಲೆ 62. ಮತ್ತೆ 90. ಪಕ್ಕದಲ್ಲಿ ಮಗ ನಿಂತು ನೋಡುತ್ತಿದ್ದ, ಅಪ್ಪ ಯಾಕೆ ಪಡಸಾಲೆಯಲ್ಲಿ ಕೂತು ಹೀಗೆ ಉಸಿರಾಡುತ್ತಾನೆ ಅಂತ ಅವ್ವನನ್ನು ಕರೆದ.

ಹಳೆಯ ಗೇಜನ್ನು ಅಟ್ಟದಿಂದ ಇಳಿಸಿದ್ದೇನೆ. ಮುಳ್ಳು ಸೊನ್ನೆಯಲ್ಲೇ ಐತಿ. ಆ ಎರಡು ಓ-ರಿಂಗ್ ಬದಲಿಸಿ ಹಾಕುತ್ತೇನೆ. ಆದರೆ ಮಾಲವಣದಲ್ಲಿ ಗುಳ್ಳೆ ಬಂದರೆ ನಿಮಗೇ ಫೋನ್ ಮಾಡುವವ.

ತೋಟದವರೆ, ಬ್ಯಾಟರಿ ಯಾವಾಗ ಹಾಕಿದ್ದು ಅಂತ ಕೇಳಿದಿರಾ ಮಾರಿದವರಿಗೆ? ಲಿಥಿಯಂ ಬ್ಯಾಟರಿಯ ಗುಣ ಕೆಟ್ಟದ್ದು. ಕೊನೆಯ ತನಕ ಹೆಚ್ಚುಕಡಿಮೆ ಅದೇ ವೋಲ್ಟ್ ಕೊಡುತ್ತಾ ಇರುತ್ತದೆ, ಆಮೇಲೆ ದಿಢೀರ್ ಅಂತ ಮಲಗಿಬಿಡುತ್ತದೆ. ಬ್ಯಾಟರಿ ಕಡಿಮೆ ಇದೆ ಅಂತ ಪರದೆ ಎಚ್ಚರಿಸುವ ಹೊತ್ತಿಗೆ ಬಹಳ ತಡ ಆಗಿರುತ್ತದೆ. ಸೀಸನ್ನಿಗೆ ಒಂದು ಹೊಸದು, ಮುಗಿದಿರಲಿ ಬಿಡಲಿ. ಇನ್ನು ಡೈವ್ ಮುಗಿದ ಮೇಲೆ ವಾಲ್ವ್ ಮುಚ್ಚಿ, ಒಳಗಿನ ಗಾಳಿಯನ್ನು ಒತ್ತಿ ಬಿಟ್ಟುಬಿಡಿ. ಒತ್ತಡ ಇರುವ ತನಕ ಅದು ಎಚ್ಚರವಾಗಿದ್ದು ಸಂದೇಶ ಕಳಿಸುತ್ತಲೇ ಇರುತ್ತದೆ, ಊಟದ ಹೊತ್ತಿನಲ್ಲೂ.

ಬದಿಯಡ್ಕದ ತೋಟದವ
10 ಮಾರ್ಚ್, ರಾತ್ರಿ 8.45

ಬಾಲ್ದಿ ಪರೀಕ್ಷೆ ಆಯಿತು. ಮಂಗಳೂರಿನಲ್ಲಿ ಒಬ್ಬ ಸ್ನೇಹಿತನ ಟ್ಯಾಂಕ್ ತಂದು ಮನೆಯ ಅಂಗಳದಲ್ಲಿ ದನಕ್ಕೆ ನೀರು ಕೊಡುವ ದೊಡ್ಡ ಬಾನಿಯಲ್ಲಿ ಮುಳುಗಿಸಿದೆ. ಗುಳ್ಳೆ ಇಲ್ಲ. ಅಲ್ಲಾಡುವುದೂ ಇಲ್ಲ. ಗಿಡ್ಡ ಹೋಸ್ ಆರ್ಡರ್ ಮಾಡಿದೆ, ಜೊತೆಗೆ ನನ್ನದೇ ಒಂದು ಮುಳ್ಳಿನ ಗೇಜು. ಬಾಡಿಗೆಯದ್ದರ ಮೇಲೆ ಇನ್ನು ನಂಬಿಕೆ ಇಲ್ಲ.

ಬ್ಯಾಟರಿಯ ಮುಚ್ಚಳ ಬಿಚ್ಚಿದೆ. ಓ-ರಿಂಗಿನ ಮೇಲೆ ಒಂದು ಕೂದಲು ಅಂಟಿಕೊಂಡಿತ್ತು, ಬಿಳಿ ಕೂದಲು, ಹಳೆಯ ಯಜಮಾನರದ್ದೇ ಇರಬೇಕು. ಅಷ್ಟು ಸಾಕಂತೆ ನೀರು ಒಳಗೆ ಬರುವುದಕ್ಕೆ. ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ. ಬ್ಯಾಟರಿ ಸಿಆರ್2. ಕಾಸರಗೋಡಿನಲ್ಲಿ ಮೊಬೈಲ್ ಅಂಗಡಿ, ವಾಚಿನ ಅಂಗಡಿ, ಎಲೆಕ್ಟ್ರಿಕಲ್ಸ್ ಅಂತ ಆರು ಕಡೆ ಕೇಳಿದೆ, ಎಲ್ಲರೂ ನಾಣ್ಯದ ಹಾಗಿರುವುದನ್ನೇ ತೋರಿಸುತ್ತಾರೆ. ಕೊನೆಗೆ ಸಿಕ್ಕಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಹಳೆಯ ಫೋಟೊ ಸ್ಟುಡಿಯೋದಲ್ಲಿ. ರೀಲ್ ಕ್ಯಾಮೆರಾದ ಕಾಲದಲ್ಲಿ ಇದೇ ಬ್ಯಾಟರಿ ಹೋಗುತ್ತಿತ್ತಂತೆ, ಈಗಲೂ ಯಾರೋ ಕೇಳುತ್ತಾರೆ ಅಂತ ನಾಲ್ಕು ಇಟ್ಟಿದ್ದಾರೆ. ತಾರೀಕು ನೋಡಿಯೇ ತೆಗೆದುಕೊಂಡೆ, ಎರಡು.

ಯಾವ ಕ್ಯಾಮೆರಾಕ್ಕೆ ಅಂತ ಕೇಳಿದರು. ಕ್ಯಾಮೆರಾಕ್ಕಲ್ಲ, ಟ್ಯಾಂಕಿನಲ್ಲಿ ಎಷ್ಟು ಉಂಟು ಅಂತ ನೋಡುವುದಕ್ಕೆ ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಮ್ಮ ಮನೆಯ ಟ್ಯಾಂಕಿಗೂ ಹಾಕಬಹುದಾ, ಬೇಸಿಗೆಯಲ್ಲಿ ದಿನಾ ಏಣಿ ಹತ್ತಿ ನೋಡಬೇಕು" ಅಂದರು.